ಯಜಮಾನಿ ಎದುರಿಗಿಲ್ಲದಾಗ ಮಾಡಿದ ಕೀಲಿಕೈ

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಪೇಟೆಯ ಗಲ್ಲಿಯಲ್ಲಿ ಎದುರಿಗೆ ಬಂದವರು ಯಾರೆಂದು ಅವರ ಕೆಮ್ಮಿನಿಂದಲೇ ಗುರುತು ಹಿಡಿಯಬೇಕಿತ್ತು. ಅಂಗಡಿಗಳ ಕಬ್ಬಿಣದ ಶಟರ್‌ಗಳ ಮೇಲೆ ಹನಿ ಕಟ್ಟಿತ್ತು. ಬಾಗಿಲಿಗೊಂದರಂತೆ ತೂಗುತ್ತಿದ್ದ ಬೀಗಗಳು ಬೆವರಿದವರಂತೆ ಒದ್ದೆಯಾಗಿದ್ದವು.

ಆ ಗಲ್ಲಿಯಲ್ಲಿ ಬೀಗ ರಿಪೇರಿ ಮಾಡುವವನೊಬ್ಬನಿದ್ದ. ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ದಿನಾ ಬೆಳಗ್ಗೆ ದೇವರನ್ನು ನೆನೆಯುತ್ತ ಗಲ್ಲಿಯ ಆ ತುದಿಯಿಂದ ಈ ತುದಿಗೆ ನಡೆದು ಬರುವುದು, ಬರುವಾಗ ಒಂದೊಂದು ಬೀಗದ ಮೇಲೂ ಕಣ್ಣಾಡಿಸುವುದು ಅವನ ರೂಢಿ. ಎಲ್ಲವೂ ಅವನ ಕೈ ದಾಟಿ ಹೋದ ಬೀಗಗಳೇ. ಯಾವುದಕ್ಕೆ ನೆಗಡಿ, ಯಾವುದಕ್ಕೆ ಹಠ ಎಂಬುದು ಅವನಿಗೆ ಗೊತ್ತು.

ಆ ಮಂಜಿನಲ್ಲಿ ಅವನ ಕಾಲು ತನ್ನ ಪಕ್ಕದ ಅಂಗಡಿಯ ಮುಂದೆ ನಿಂತುಬಿಟ್ಟಿತು. ಅದು ಹೊಲಿಗೆಯ ಅಂಗಡಿ. ಅದರ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಅವನು ಮಾರಿದ್ದಲ್ಲ, ಅವನು ಮುಟ್ಟಿದ್ದೂ ಅಲ್ಲ.

ಅಷ್ಟರಲ್ಲಿ ಅಂಗಡಿಯ ಒಡತಿ ಟೈಲರಕ್ಕ ಶಾಲು ಕೊಡವುತ್ತ ಬಂದಳು.

"ಏನಕ್ಕಾ, ಬೀಗ ಬದಲಾಯಿಸಿದ್ಯಾ?"

"ಹೂಂ."

"ಹಳೇದಕ್ಕೇನಾಗಿತ್ತು? ಮೊನ್ನೆ ಮೊನ್ನೆ ನಾನೇ ಎಣ್ಣೆ ಬಿಟ್ಟು ಕೊಟ್ಟಿದ್ನಲ್ಲ?"

"ಹಳೇ ಬೀಗಕ್ಕೇನೂ ಆಗಿರಲಿಲ್ಲ. ಹಳೇ ನಂಬಿಕೆಗೆ ಆಗಿತ್ತು." ಅವಳು ಅವನ ಮುಖ ನೋಡದೆ ಬೀಗ ತೆಗೆದಳು. ಕೀಲಿಕೈಯನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೇ ಒಳಗೆ ಹೋದಳು.

ಎದುರಿನ ಅಂಗಡಿಯ ಗಡಿಯಾರದಜ್ಜ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಇದನ್ನೆಲ್ಲ ನೋಡುತ್ತಿದ್ದ. "ಬೀಗದಣ್ಣಾ, ನಮ್ಮ ಅಂಗಡಿ ಕೀನೂ ನಿನ್ನ ಹತ್ರ ಒಂದು ಇರಬೇಕಲ್ಲಪ್ಪ? ನಾಳೆಯಿಂದ ನೀನೇ ಬಾಗಿಲು ತೆಗೆದು ಕಸ ಗುಡಿಸಿಬಿಡು. ನಂಗೆ ಸೊಂಟ ಬಗ್ಗಲ್ಲ" ಎಂದು ನಕ್ಕ. ಆ ನಗು ಹಲ್ಲಿನದಾಗಿತ್ತು, ಕಣ್ಣಿನದಲ್ಲ.

ಬೀಗದಣ್ಣ ಅತ್ತ ತಿರುಗದೆ ತನ್ನ ಅಂಗಡಿಯ ಶಟರ್ ಎತ್ತಿದ.

ಇದಕ್ಕೆಲ್ಲ ಮೂಲ ಒಂದು ಬೆಂಕಿ. ಹಿಂದಿನ ಬೇಸಿಗೆಯಲ್ಲಿ ಗಲ್ಲಿಯ ತುದಿಯ ಬಟ್ಟೆ ಗೋದಾಮಿಗೆ ಬೆಂಕಿ ಬಿದ್ದಿತ್ತು. ಬಾಗಿಲಿಗೆ ಬೀಗವಿತ್ತು, ಯಜಮಾನ ಊರಲ್ಲಿರಲಿಲ್ಲ. ಬಾಗಿಲು ಒಡೆಯುವಷ್ಟರಲ್ಲಿ ಒಳಗಿದ್ದದ್ದು ಬೂದಿಯಾಗಿತ್ತು. ಆಮೇಲೆ ಮಾರುಕಟ್ಟೆ ಸುರಕ್ಷತಾ ಇಲಾಖೆಯವರು ಗೋಡೆಗೊಂದು ಆದೇಶ ಅಂಟಿಸಿದರು. ಪ್ರತಿ ಅಂಗಡಿಯವರೂ ತಮ್ಮ ಬೀಗದ ಒಂದು ಕೀಲಿಕೈಯನ್ನು ಇಲಾಖೆಯಲ್ಲಿ ಇಡಬೇಕು, ಇಲ್ಲದಿದ್ದರೆ ಅಂಗಡಿ ಮುಚ್ಚಿಸಲಾಗುವುದು ಎಂದು ಅದರಲ್ಲಿತ್ತು. ಬೆಂಕಿ ನೋಡಿದ್ದ ಕಣ್ಣುಗಳು. ಗೊಣಗುತ್ತಲೇ ಎಲ್ಲರೂ ಒಪ್ಪಿದರು. ಹೆಚ್ಚಿನ ಕೀಲಿಕೈ ಇಲ್ಲದವರು ಇದ್ದ ಒಂದನ್ನೇ ಕೊಟ್ಟರು. ಇಲಾಖೆಯ ನೌಕರ ಅವನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬೀಗದಣ್ಣನ ಮುಂದೆ ಸುರಿದ. "ಒಂದೊಂದಕ್ಕೂ ಒಂದು ನಕಲು ಮಾಡಿಕೊಡು."

ಬೀಗದವರ ಕಸುಬಿಗೆ ಒಂದು ಕಟ್ಟುಪಾಡಿದೆ. ಯಜಮಾನ ಎದುರಿಗೆ ನಿಲ್ಲದೆ ಯಾರ ಕೀಲಿಕೈಗೂ ನಕಲು ಮಾಡಬಾರದು. ಕೆಲಸದಲ್ಲಿ ಒಂದು ಕೆಟ್ಟುಹೋದರೆ, ಆ ಕೆಟ್ಟದ್ದನ್ನೂ ಒಳ್ಳೆಯದರ ಜೊತೆಗೇ ಯಜಮಾನನ ಕೈಗೆ ಹಾಕಬೇಕು. ಬೀಗದಣ್ಣನ ತಂದೆ ಮಗನಿಗೆ ಹಲ್ಲು ಕೊರೆಯುವ ಅರ ಹಿಡಿಯುವುದನ್ನು ಕಲಿಸುವ ಮೊದಲು ಇದನ್ನು ಕಲಿಸಿದ್ದ.

"ಅಂಗಡಿಯೋರು ಎದುರಿಗಿಲ್ವಲ್ಲ, ಸ್ವಾಮಿ?" ಎಂದು ಬೀಗದಣ್ಣ ಅಂದು ಕೇಳಿದ್ದ.

"ಸರ್ಕಾರಾನೇ ಎದುರಿಗೆ ಬಂದು ನಿಂತಿದೆ. ಇನ್ಯಾರು ಬೇಕಯ್ಯ ನಿಂಗೆ?" ಎಂದು ನೌಕರ ಮೊಹರು ತೋರಿಸಿದ್ದ.

ಮೊಹರು ನೋಡಿ ಬೀಗದಣ್ಣ ಬಾಯಿ ಮುಚ್ಚಿಕೊಂಡ. ಅರ ಎತ್ತಿಕೊಂಡ. ಅಸಲು ಕೀಲಿಕೈಗಳು ಅಂಗಡಿಯವರಿಗೆ ಮರಳಿದವು, ನಕಲುಗಳು ಇಲಾಖೆಯ ಹಲಗೆಗೆ ಹೋದವು.

ಇದಾದ ಮೇಲೆ ಗಲ್ಲಿಯಲ್ಲಿ ವಿಚಿತ್ರ ಶುರುವಾಯಿತು. ಟೈಲರಕ್ಕ ಸಂಜೆ ಮೇಜಿನ ಬಲಕ್ಕಿಟ್ಟು ಹೋದ ಕತ್ತರಿ ಬೆಳಗ್ಗೆ ಎಡಕ್ಕಿರುತ್ತಿತ್ತು. ಇಸ್ತ್ರಿಪೆಟ್ಟಿಗೆಯ ವೈರನ್ನು ಅವಳು ಸುತ್ತುವುದು ಒಂದು ಥರ, ಅದು ಸುತ್ತಿಕೊಂಡಿರುತ್ತಿದ್ದದ್ದು ಇನ್ನೊಂದು ಥರ. ನೆಲದ ಮೇಲೆ ಬಿದ್ದ ಸೀಮೆಸುಣ್ಣದ ಪುಡಿಯಲ್ಲಿ ಒಂದು ದಿನ ಯಾರದೋ ಬೂಟಿನ ಗುರುತು.

ಅವಳು ಪೊಲೀಸರ ಹತ್ತಿರ ಹೋದಳು. "ಏನು ಹೋಗಿದೆ?" ಎಂದರು. "ಏನೂ ಹೋಗಿಲ್ಲ" ಎಂದಳು. "ಹಾಗಾದ್ರೆ ನೀವ್ಯಾಕಮ್ಮ ಬಂದ್ರಿ?" ಎಂದು ಅವಳನ್ನೇ ಕೇಳಿ ಕಳಿಸಿದರು.

"ಏನೂ ಹೋಗಿಲ್ಲ ಅನ್ನೋದೇ ನಂಗೆ ಭಯ" ಎಂದು ಅವಳು ಗಲ್ಲಿಯಲ್ಲಿ ಹೇಳಿಕೊಂಡಳು. "ಕಳ್ಳ ಬಂದಿದ್ರೆ ಏನಾದ್ರೂ ತಗೊಂಡು ಹೋಗಿರೋನು. ಏನೂ ತಗೊಳ್ದೆ ಬಂದು ಹೋಗೋನು ಏನು ನೋಡೋಕೆ ಬರ್ತಾನೆ?"

ಇಲಾಖೆಗೂ ಹೋಗಿ ವಿಚಾರಿಸಿದಳು. "ಕೀಲಿಗಳೆಲ್ಲ ನಮ್ಮ ಹಲಗೆ ಮೇಲೆ ಇಟ್ಟ ಹಾಗೇ ನೇತಾಡ್ತಿವೆ. ನಮ್ಮೋರು ಯಾರೂ ಮುಟ್ಟಿಲ್ಲ. ಮಾಡಿಕೊಟ್ಟನಲ್ಲ, ಅವನನ್ನ ಕೇಳಿ" ಎಂದರಂತೆ.

ಆ ಒಂದು ಮಾತು ಸಾಕಾಯಿತು. ಗಲ್ಲಿಯವರ ಕಣ್ಣು ಬೀಗದಣ್ಣನ ಕಡೆ ತಿರುಗಿತು. ಬೀಗದಣ್ಣನ ಕಣ್ಣು ಇಲಾಖೆಯ ಕಡೆ ತಿರುಗಿತು. ಅಂಗಡಿಯವರು ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಬೀಗ ತೆಗೆಯತೊಡಗಿದರು. ನಂಬಿಕೆ ಇಲ್ಲದ ಕಡೆ ಬೀಗದವನಿಗೆ ಕೆಲಸ ಹೆಚ್ಚಬೇಕು ಎಂದು ನಿಮಗೆ ಅನ್ನಿಸಬಹುದು. ಆದರೆ ಬೀಗದವನ ಮೇಲೇ ನಂಬಿಕೆ ಹೋದರೆ ಅವನ ಅಂಗಡಿಗೆ ನೊಣವೂ ಹಾಯುವುದಿಲ್ಲ.

ಹಾಗೆ ಬಿಕೋ ಎನ್ನುತ್ತಿದ್ದ ದಿನಗಳಲ್ಲಿ ಒಂದು ರಜೆಯ ಮಧ್ಯಾಹ್ನ. ಬೀಗದಣ್ಣನ ಮನೆಯ ನಡುಕೋಣೆಯಲ್ಲಿ ಅವನ ಹೆಂಡತಿ ನೆಲದ ಮೇಲೆ ಹಳೆಯ ಬಟ್ಟೆ ಹಾಸಿ, ಅಂಗಡಿಯ ಚೂರುಡಬ್ಬಿಯನ್ನು ಬೋರಲು ಹಾಕಿ ಕೂತಿದ್ದಳು. ಹಿತ್ತಾಳೆ ಒಂದು ಕಡೆ, ಕಬ್ಬಿಣ ಒಂದು ಕಡೆ ವಿಂಗಡಿಸಿ ಗುಜರಿಗೆ ಹಾಕುವುದು ಅವಳ ಕೆಲಸ. ಅವಳ ತಂಗಿಯೂ ಬಂದಿದ್ದಳು. ಆಕೆ ಶಾಸನಸಭೆಯಲ್ಲಿ ಶೀಘ್ರಲಿಪಿಗಾರ್ತಿ. ಸದನದಲ್ಲಿ ಯಾರು ಏನು ಮಾತಾಡಿದರೂ ಕೂತಲ್ಲೇ ಗೀಚಿಕೊಳ್ಳುವುದು ಅವಳ ಉದ್ಯೋಗ. ಅದಕ್ಕೇ ಭಾವ ಅವಳನ್ನು ಗೀಚಮ್ಮ ಎಂದು ರೇಗಿಸುತ್ತಿದ್ದ.

ಹೆಂಡತಿಯ ಕೈ ಒಂದು ಕಡೆ ನಿಂತಿತು. ಚೂರುಗಳ ನಡುವಿನಿಂದ ಒಂದು ಕೀಲಿಕೈಯನ್ನು ಎತ್ತಿ ಹಿಡಿದಳು.

"ಇದೇನ್ರೀ? ಇದಕ್ಕೆ ಹಲ್ಲು ಕೊರೆದಿದೆಯಲ್ಲ. ಯಾರದಿದು?"

ಬೀಗದಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅದು ಟೈಲರಕ್ಕನ ಹಳೇ ಬೀಗದ್ದು. ಆವತ್ತು ಅವಸರದಲ್ಲಿ ಇಕ್ಕಳಕ್ಕೆ ಸೊಟ್ಟಗೆ ಸಿಕ್ಕಿಸಿದ್ದರಿಂದ, ಕೊನೆಯ ಹಲ್ಲು ಕೊರೆಯುವ ಮೊದಲೇ ಬಿಟ್ಟು ಡಬ್ಬಿಗೆ ಎಸೆದಿದ್ದ. ಟೈಲರಕ್ಕ ಎದುರಿಗೆ ನಿಂತಿದ್ದರೆ ಅದು ಅವಳ ಕೈ ಸೇರುತ್ತಿತ್ತು. ಎದುರಿಗೆ ನಿಂತಿದ್ದದ್ದು ಮೊಹರು. ಮೊಹರಿಗೆ ಕೆಟ್ಟ ಕೀಲಿಕೈಯನ್ನು ಯಾರು ಕೊಡುತ್ತಾರೆ?

"ಹೇಳ್ರೀ. ಇದು ಬೀಗ ತೆಗೆಯುತ್ತಾ?"

"ಟೈಲರಕ್ಕನ ಹಳೇ ಬೀಗದ್ದು. ಹೀಗೇ ಇದ್ರೆ ತೆಗೆಯಲ್ಲ." ಅವನು ಅದನ್ನು ಬೆರಳಲ್ಲಿ ತಿರುಗಿಸಿದ. "ಅರ ಎರಡು ಸಲ ಆಡಿಸಿದ್ರೆ ತೆಗೆಯುತ್ತೆ."

ಹೆಂಡತಿಯ ಕಣ್ಣಿನಲ್ಲಿ ಒಂದು ಸಣ್ಣ ನೆರಳು ಹಾದುಹೋದದ್ದನ್ನು ಬೀಗದಣ್ಣ ಕಂಡ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳು! ಗಲ್ಲಿಯವರ ಅನುಮಾನ ಮೈ ಸುಟ್ಟಿತ್ತು, ಇದು ಒಳಗೆ ಇಳಿಯಿತು.

"ನಿನಗೂನಾ?" ಎಂದ.

"ನಾನೇನೂ ಅಂದಿಲ್ಲ."

"ಅನ್ನದೇ ಇದ್ದದ್ದೇ ಹೇಳ್ತು."

ಗೀಚಮ್ಮ ಚಹಾದ ಲೋಟ ಕೆಳಗಿಟ್ಟಳು. "ಭಾವಾ, ಇಲಾಖೆಯೋರನ್ನ ಯಾರಾದ್ರೂ ಕೂರಿಸಿ ಕೇಳಿದಾರಾ?"

"ಟೈಲರಕ್ಕ ಕೇಳಿದ್ಲು. ಮುಟ್ಟಿಲ್ಲ ಅಂದ್ರು, ಮುಗೀತು."

"ಅದು ಕಿಟಕಿ ಹತ್ರ ನಿಂತು ಕೇಳಿದ್ದು. ಉತ್ತರ ಕೊಡಲೇಬೇಕಾದ ಕಡೆ ಕೂರಿಸಿ ಕೇಳಿದಾರಾ ಅಂತ ನಾನು ಕೇಳಿದ್ದು."

"ಇಲಾಖೆನ ಕೂರಿಸಿ ಕೇಳೋನು ಯಾವನಮ್ಮ? ಅವರ ಮೇಲೆ ದೇವರೊಬ್ಬನೇ."

"ದೇವರು ಮೇಲಿದಾನೆ, ಇಲ್ಲ ಅನ್ನಲ್ಲ. ನಡುವೆ ಶಾಸನಸಭೆ ಅಂತ ಒಂದಿದೆ. ನಾನು ದಿನಾ ಅಲ್ಲೇ ಕೂತು ಬೆರಳು ಸವೆಸೋದು."

ಬೀಗದಣ್ಣ ಮೂಗು ಮುರಿದ. "ಓಟಿಗೆ ಬಂದಾಗ ಕೈ ಮುಗೀತಾರೆ, ಆಮೇಲೆ ಮುಖ ತೋರಿಸಲ್ಲ. ಅವರು ಕಾನೂನು ಮಾಡೋರು. ಮಾಡಿ ಎದ್ದು ಹೋದ್ರು. ಇನ್ನೇನಿದೆ ಅವರಿಗೆ?"

"ನೀನು ಬೀಗ ಮಾಡಿಕೊಟ್ಟ ಮೇಲೆ ಅದು ಸರಿಯಾಗಿ ಬೀಳುತ್ತಾ ಅಂತ ನೋಡಲ್ವಾ? ಹಾಗೇ ಇದು. ಸದನ ಕಾನೂನು ಮಾಡುತ್ತೆ, ಇಲಾಖೆ ಅದನ್ನ ನಡೆಸುತ್ತೆ. ನಡೆಸೋವಾಗ ಕಾನೂನು ಹೇಳಿದ್ದಕ್ಕಿಂತ ಕೈ ಉದ್ದ ಮಾಡಿದ್ರೆ, ಯಾಕೆ ಮಾಡಿದ್ರಿ ಅಂತ ಕರೆಸಿ ಕೇಳೋ ಹಕ್ಕು ಸದನಕ್ಕಿದೆ. ಅದಕ್ಕಂತಲೇ ಸಮಿತಿಗಳಿವೆ. ಜನ ಕೊಟ್ಟ ಮನವಿ ನೋಡೋ ಸಮಿತಿ ಇದೆ, ಇಲಾಖೆ ಮಾಡಿದ ನಿಯಮಗಳನ್ನ ತೂಗಿ ನೋಡೋ ಸಮಿತಿ ಇದೆ."

"ಆಳೋ ಪಕ್ಷದೋರ ಕೈಲೇ ಇಲಾಖೆ. ಸಭೇಲಿ ಜಾಸ್ತಿ ಇರೋರೂ ಅವರೇ. ತಮ್ಮೋರನ್ನ ತಾವೇ ಹಿಡೀತಾರಾ? ನನ್ನ ಕಿವೀಲಿ ಹೂ ಕಾಣ್ತಿದೆಯಾ ನಿಂಗೆ?"

ಗೀಚಮ್ಮ ನಕ್ಕಳು. "ಕಾಣ್ತಿಲ್ಲ. ನಿನ್ನ ಅನುಮಾನ ಸರಿಯಾಗೇ ಇದೆ. ಆದ್ರೆ ಸಮಿತೀಲಿ ಎರಡೂ ಕಡೆಯೋರು ಇರ್ತಾರೆ ಭಾವ. ಅವರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಒಬ್ಬ ಕೇಳದೆ ಬಿಟ್ಟದ್ದನ್ನ ಇನ್ನೊಬ್ಬ ಕೇಳ್ತಾನೆ. ಅಲ್ಲಿ ಅನುಮಾನಕ್ಕೆ ಕುರ್ಚಿ ಹಾಕಿ ಕೂರಿಸಿದಾರೆ, ಮೈಕೂ ಕೊಟ್ಟಿದಾರೆ. ಇಲ್ಲಿ ಗಲ್ಲೀಲಿ ಅದು ಚಾಡಿ ಹೇಳ್ಕೊಂಡು ಓಡಾಡ್ತಿದೆ, ಅಷ್ಟೇ ವ್ಯತ್ಯಾಸ."

ಹೆಂಡತಿ ಮೆಲ್ಲಗೆ ಕೇಳಿದಳು. "ಏನು ಮಾಡಬೇಕೇ ಅದಕ್ಕೆ?"

"ಏನಾಯ್ತು, ಏನು ಕೇಳ್ತಿದೀವಿ ಅಂತ ನೆಟ್ಟಗೆ ಬರೆದು, ಗಲ್ಲಿಯೋರೆಲ್ಲ ಸಹಿ ಹಾಕಿ, ನಿಮ್ಮ ಕ್ಷೇತ್ರದ ಶಾಸಕರ ಮೂಲಕವೋ ನೇರವಾಗಿ ಸದನದ ಕಚೇರಿಗೋ ಕೊಡಬೇಕು. ನಾನು ಬರೆದುಕೊಡಂಗಿಲ್ಲ, ನನ್ನ ಕೆಲಸ ಬೇರೆ. ಆದ್ರೆ ಒಂದು ಹೇಳ್ತೀನಿ. ಅಲ್ಲಿ ನಿಮ್ಮನ್ನೂ ಕೇಳ್ತಾರೆ."

ಬೀಗದಣ್ಣನ ಕೈ ತಾನಾಗಿ ಆ ಅರ್ಧ ಕೊರೆದ ಕೀಲಿಕೈಯ ಮೇಲೆ ಮುಚ್ಚಿಕೊಂಡಿತು. ಅದೇ ಅವನ ಭಯ. ಇಲಾಖೆಯನ್ನು ಕೇಳಲು ಹೋದರೆ ತನ್ನ ಡಬ್ಬಿಯನ್ನೂ ಬೋರಲು ಹಾಕಬೇಕು. ಕಳ್ಳ ಇವನೇ ಎಂದು ಎಲ್ಲರ ಮುಂದೆ ಬೆರಳು ತೋರಿಸಿಬಿಟ್ಟರೆ?

"ಕೇಳಲಿ ಬಿಡಿ" ಎಂದಳು ಹೆಂಡತಿ. "ಕೇಳಿದ್ರೆ ಹೇಳಬಹುದು. ಕೇಳದೇ ಇದ್ರೆ ಜೀವ ಇರೋವರೆಗೂ ಹೀಗೇ ನೋಡ್ತಾರೆ." ಅವಳು 'ನೋಡ್ತೀವಿ' ಎನ್ನಲಿಲ್ಲ. ಆದರೆ ಅವನಿಗೆ ಹಾಗೇ ಕೇಳಿಸಿತು.

ಮನವಿಗೆ ಸಹಿ ಹಾಕಿಸುವುದೇ ಒಂದು ಪಾಡಾಯಿತು. ಗಡಿಯಾರದಜ್ಜ ಮೂರು ಸಲ ಓದಿ, ನಾಲ್ಕನೆಯ ಸಲ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದ. "ಇದರಿಂದ ನಿನಗೇನು ಲಾಭ?" ಎಂದು ಕೇಳಿದ. "ನನ್ನ ಮುಖ ನೋಡಿ ಮಾತಾಡ್ತೀರಲ್ಲ, ಅದೇ ಲಾಭ" ಎಂದ ಬೀಗದಣ್ಣ. ಅಜ್ಜ ಗೊಣಗುತ್ತ ಸಹಿ ಹಾಕಿದ. ಟೈಲರಕ್ಕ ಮಾತ್ರ ಏನೂ ಕೇಳದೆ ಹಾಕಿದಳು. ಹಾಕಿ, "ನಾನು ಬರ್ತೀನಿ. ನಿನ್ನ ಪರವಾಗಿ ಅಲ್ಲ, ನನ್ನ ಅಂಗಡಿ ಪರವಾಗಿ" ಎಂದಳು.

ತಿಂಗಳುಗಳು ಉರುಳಿದವು. ಕರೆಯೇ ಬಾರದಿರಲಿ ಎಂದು ಬೀಗದಣ್ಣ ಒಳಗೊಳಗೇ ಆಸೆಪಟ್ಟುಕೊಂಡಿದ್ದ. ಕರೆ ಬಂತು.

ಸಮಿತಿಯ ಕೋಣೆ ಅವನೆಣಿಸಿದಷ್ಟು ಭವ್ಯವಾಗಿರಲಿಲ್ಲ. ಲಾಳದ ಆಕಾರದ ಉದ್ದ ಮೇಜು, ಅದರ ಸುತ್ತ ಸದಸ್ಯರು, ಪ್ರತಿಯೊಬ್ಬರ ಮುಂದೆ ಮುಚ್ಚಳ ಹಾಕಿದ ನೀರಿನ ಲೋಟ. ಕಿಟಕಿಯ ಒಂದು ಕೀಲು ಕಿರುಗುಡುತ್ತಿತ್ತು. ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಎಂದು ಅವನಿಗೆ ಅಲ್ಲೂ ಅನ್ನಿಸಿತು. ಮೂಲೆಯಲ್ಲಿ ಗೀಚಮ್ಮ ತಲೆ ತಗ್ಗಿಸಿ ಕೂತಿದ್ದಳು. ಭಾವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳು ಯಾರ ನಾದಿನಿಯೂ ಅಲ್ಲ.

ನಡುವೆ ಕೂತಿದ್ದ ಅಧ್ಯಕ್ಷೆ ವಯಸ್ಸಾದ ಹೆಂಗಸು, ವಿರೋಧ ಪಕ್ಷದವರು. ಅವರ ಪಕ್ಕದಲ್ಲಿ ಆಳುವ ಪಕ್ಷದ ಸದಸ್ಯನೊಬ್ಬ, ದಪ್ಪ ಮೀಸೆಯವನು. ಎದುರಿಗೆ ಸುರಕ್ಷತಾ ಇಲಾಖೆಯ ಅಧಿಕಾರಿ. ಅಂಗಿಯ ಇಸ್ತ್ರಿ ಮುರಿಯದಂತೆ ನೆಟ್ಟಗೆ ಕೂತಿದ್ದರು.

ಮೊದಲು ಟೈಲರಕ್ಕ ತನ್ನ ಅಂಗಡಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಆಮೇಲೆ ಅಧಿಕಾರಿಯ ಸರದಿ. "ಕೀಲಿಗಳು ನಮ್ಮ ಕಚೇರಿಯಲ್ಲಿ ಭದ್ರವಾಗಿವೆ. ತುರ್ತು ಸಂದರ್ಭ ಬಿಟ್ಟರೆ ಅವನ್ನು ಬಳಸುವುದಿಲ್ಲ. ಅಂಥ ಸಂದರ್ಭ ಇದುವರೆಗೂ ಬಂದಿಲ್ಲ" ಎಂದರು.

ಮೀಸೆಯ ಸದಸ್ಯ ಮೈಕು ಹತ್ತಿರಕ್ಕೆ ಎಳೆದುಕೊಂಡ. "ಒಳ್ಳೇ ಕೆಲಸ ಮಾಡ್ತಿದೀರಿ. ಆ ಬೆಂಕಿಯಾದಾಗ ನಾನೂ ಬಂದಿದ್ದೆ, ಕಣ್ಣಾರೆ ನೋಡಿದೀನಿ. ಜನಕ್ಕೆ ತಮ್ಮ ಸುರಕ್ಷತೆ ಬಗ್ಗೆ ತಮಗೇ ಗಮನ ಇರಲ್ಲ, ಅಲ್ವಾ?"

ಬಂತು ನೋಡು ಎಂದುಕೊಂಡ ಬೀಗದಣ್ಣ. ಒಂದೇ ಹಾಸಿಗೆಯಲ್ಲಿ ಮಲಗುವವರು! ನಾದಿನಿಯ ಮಾತು ಕೇಳಿ ಬಂದದ್ದಕ್ಕೆ ಕೈ ಕೈ ಹಿಸುಕಿಕೊಂಡ.

ಅಧಿಕಾರಿಯ ಭುಜ ಸಡಿಲವಾಯಿತು. ಮುಖದಲ್ಲಿ ಗೆಲುವು ಬಂತು. "ನಿಜ ಹೇಳಿದಿರಿ ಸರ್. ಈ ಅಮ್ಮನ ಅಂಗಡಿಯನ್ನೇ ತಗೊಳ್ಳಿ. ಒಳಗೆ ಮೂಲೆಯಲ್ಲಿ ಪರದೆ ಕಟ್ಟಿದಾರೆ. ಪರದೆ ಹಿಂದೆ ಸ್ವಿಚ್ ಬೋರ್ಡು. ಅದಕ್ಕೆ ಒತ್ತಿಕೊಂಡೇ ಬಟ್ಟೆಯ ಗಂಟುಗಳು! ಒಂದು ಕಿಡಿ ಸಾಕು ಸರ್, ಇಡೀ ಗಲ್ಲಿ ಹೋಗುತ್ತೆ."

"ಹೌದೌದು. ಅಪಾಯ" ಎಂದ ಮೀಸೆಯವನು. ಲೋಟದ ಮುಚ್ಚಳ ತೆಗೆದು ಒಂದು ಗುಟುಕು ನೀರು ಕುಡಿದ. ಆಮೇಲೆ ಟೈಲರಕ್ಕನ ಕಡೆ ತಿರುಗಿದ. "ಅಮ್ಮಾ, ಆ ಪರದೆ ಯಾವಾಗ ಕಟ್ಟಿದ್ದು?"

ಟೈಲರಕ್ಕನ ಮುಖ ಬಿಳಿಚಿಕೊಂಡಿತ್ತು. "ಕೀ ಕೊಟ್ಟ ಮೇಲೆ, ಸ್ವಾಮಿ. ಹೆಂಗಸರು ಬಟ್ಟೆ ಹಾಕಿ ನೋಡೋ ಜಾಗ ಅದು. ಗಂಡಸರನ್ನ ಅತ್ತ ಬಿಡಲ್ಲ. ನನ್ನ ಗಂಡನ್ನೂ ಬಿಟ್ಟಿಲ್ಲ."

ಮೀಸೆಯವನು ಮೆಲ್ಲಗೆ ಅಧಿಕಾರಿಯ ಕಡೆ ನೋಡಿದ. "ಹಾಗಾದ್ರೆ ಪರದೆ ಹಿಂದೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಕಿಟಕಿಯ ಕೀಲು ಕಿರುಗುಟ್ಟಿತು. ಗೀಚಮ್ಮನ ಪೆನ್ಸಿಲ್ಲು ಕಾಗದದ ಮೇಲೆ ಓಡಿ ನಿಂತ ಸದ್ದೂ ಕೇಳಿಸಿತು.

ಅಧಿಕಾರಿ ಬೆವರು ಒರೆಸಿಕೊಂಡರು. "ನಮ್ಮ ಹುಡುಗರು ಅಂಗಡಿ ಮುಚ್ಚಿದ ಮೇಲೆ ಒಮ್ಮೊಮ್ಮೆ ನೋಡಿ ಬರ್ತಾರೆ. ಉದ್ದೇಶ ಒಳ್ಳೆಯದೇ ಇತ್ತು" ಎಂದರು.

"ಇದ್ದಿರಬಹುದು" ಎಂದರು ಅಧ್ಯಕ್ಷೆ. ಅವರ ದನಿ ಏರಲೇ ಇಲ್ಲ. "ನಾವು ನಿಮ್ಮ ಉದ್ದೇಶ ಕೇಳ್ತಿಲ್ಲ. ಅಧಿಕಾರ ಕೇಳ್ತಿದೀವಿ. ಬೆಂಕಿ ಬಿದ್ದಾಗ ಬೀಗ ಒಡೆಯೋ ಅಧಿಕಾರ ಕಾನೂನು ನಿಮಗೆ ಕೊಟ್ಟಿದೆ. ಬೆಂಕಿ ಇಲ್ಲದಾಗ, ಮೊದಲೇ ಹೇಳಿ, ಅಂಗಡಿಯವರ ಎದುರಲ್ಲಿ ತಪಾಸಣೆ ಮಾಡೋ ಅಧಿಕಾರ ಕೊಟ್ಟಿದೆ. ಜನರ ಕೀಲಿ ತಂದು ನಿಮ್ಮ ಗೋಡೆಗೆ ನೇತು ಹಾಕೋ ಅಧಿಕಾರ ಎಲ್ಲಿದೆ?"

"ಅಗತ್ಯ ಕ್ರಮ ತಗೋಬಹುದು ಅಂತ ಇದೆಯಲ್ಲ, ಮೇಡಂ..."

"ಇದೆ. ಅದಕ್ಕೆ ನಿಯಮ ಮಾಡಿದರೆ ಸದನದ ಮುಂದೆ ಇಡಬೇಕು ಅಂತ ಅದೇ ಕಾನೂನಿನಲ್ಲಿ ಮುಂದಿನ ಸಾಲಲ್ಲೇ ಇದೆ. ಇಟ್ಟಿರಾ?"

ಅಧಿಕಾರಿ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಇಟ್ಟಿದ್ದರೆ ನಾವು ಆಗಲೇ ಕೇಳ್ತಿದ್ವಿ, ಕೀಲಿಯನ್ನ ಯಾರು ತೆಗೀತಾರೆ, ಯಾವಾಗ, ಯಾರ ಎದುರಿಗೆ ಅಂತ. ನಮ್ಮನ್ನ ದಾಟಿ ಗೋಡೆಗೆ ಅಂಟಿಸಿದಿರಿ. ಅದಕ್ಕೇ ಈ ತಾಯಿ ಇಷ್ಟು ದೂರ ಬಂದು ಕೇಳಬೇಕಾಯ್ತು."

ಎಲ್ಲ ಮುಗಿಯಿತು ಎನ್ನುವಾಗ ಅಧ್ಯಕ್ಷೆ ಬೀಗದಣ್ಣನ ಕಡೆ ನೋಡಿದರು. "ನೀವು ಏನಾದರೂ ಹೇಳಬೇಕಾ?"

ಈಗ ಅವನು 'ಇಲ್ಲ' ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅನುಮಾನವೆಲ್ಲ ಇಲಾಖೆಯ ಕಡೆ ಹೋಗಿ ಅವನು ಆಗಲೇ ಹಗುರಾಗಿದ್ದ. ಆದರೂ ಎದೆಯ ಜೇಬಿನಲ್ಲಿದ್ದದ್ದು ಚುಚ್ಚುತ್ತಿತ್ತು. ಮನಸ್ಸಿನಲ್ಲೇ ದೇವರನ್ನು ನೆನೆದು ಎದ್ದ. ಅರ್ಧ ಕೊರೆದ ಕೀಲಿಕೈಯನ್ನು ಮೇಜಿನ ಮೇಲಿಟ್ಟ.

"ಯಜಮಾನಿ ಎದುರಿಗಿಲ್ಲದೆ ನಾನು ಕೀ ಮಾಡಬಾರದಿತ್ತು ತಾಯಿ. ಮೊಹರು ನೋಡಿ ಮಾಡಿದೆ. ಯಾವ ಕಾನೂನು ಅಂತ ಕೇಳಲಿಲ್ಲ. ಕೆಟ್ಟುಹೋದದ್ದು ಒಂದು ನನ್ನ ಡಬ್ಬೀಲಿ ಉಳ್ಕೊಂಡಿತ್ತು. ಇದು ಈ ಅಕ್ಕನ ಬೀಗದ್ದು. ನಾನು ಬಳಸಿಲ್ಲ. ಆದ್ರೆ ಬಳಸಬಹುದಿತ್ತು. ನೀವೇ ಇಟ್ಕೊಳ್ಳಿ."

ಅಧ್ಯಕ್ಷೆ ಅದನ್ನು ಬೆರಳಿನಿಂದಲೂ ಮುಟ್ಟಲಿಲ್ಲ. "ನಾವು ಇಟ್ಟುಕೊಂಡರೆ ನಮಗೂ ಇಲಾಖೆಗೂ ಏನಪ್ಪಾ ವ್ಯತ್ಯಾಸ? ಇದು ಯಾರದೋ ಅವರಿಗೆ ಕೊಡಿ."

ಅವನು ಟೈಲರಕ್ಕನ ಕಡೆ ಕೈ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಸಿಟ್ಟೋ ದುಃಖವೋ ತಿಳಿಯದ ದನಿಯಲ್ಲಿ, "ಇಲ್ಲಿ ಬೇಡ. ಇಲಾಖೆಯೋರ ಹತ್ರ ಇರೋ ಕೀ ನನ್ನ ಬಾಗಿಲಿಗೆ ಬಂದ ದಿನ ನಿನ್ನದನ್ನೂ ಅಲ್ಲಿಗೇ ತಾ. ಅಲ್ಲೀವರೆಗೂ ನಿನ್ನ ಜೇಬಲ್ಲೇ ಚುಚ್ಚಲಿ" ಎಂದಳು.

ಸಮಿತಿ ತನ್ನ ವರದಿಯನ್ನು ಸದನದ ಮುಂದಿಟ್ಟಿತು. ಇಲಾಖೆ ಏನು ಕ್ರಮ ಕೈಗೊಂಡಿತೆಂದು ಗಡುವಿನೊಳಗೆ ಉತ್ತರ ಕೊಡಬೇಕಾಯಿತು. ಒಂದೇ ದಿನದಲ್ಲಿ ಆದದ್ದಲ್ಲ. ನಡುವೆ ಇಲಾಖೆ ಒಮ್ಮೆ ನೆಪ ಹೇಳಿತು, ಸಮಿತಿ ಮತ್ತೆ ಕೇಳಿತು. ಕೊನೆಗೆ ಗೋಡೆಯ ಆದೇಶ ಹಿಂದಕ್ಕೆ ಹೋಯಿತು. ಹಗಲು ಹೊತ್ತಿನಲ್ಲಿ, ಮುಂಚೆಯೇ ತಿಳಿಸಿ, ಅಂಗಡಿಯವರ ಎದುರಲ್ಲೇ ತಪಾಸಣೆ ಎಂದು ಹೊಸ ನಿಯಮ ಸದನದ ಮುಂದೆ ಬಂತು. ಟೈಲರಕ್ಕನೂ ಸುಮ್ಮನೆ ಕೂರಲಿಲ್ಲ, ಬಟ್ಟೆಯ ಗಂಟುಗಳನ್ನು ಸ್ವಿಚ್ ಬೋರ್ಡಿನಿಂದ ದೂರ ಸರಿಸಿದಳು. ಆ ವಿಷಯದಲ್ಲಿ ಅಧಿಕಾರಿ ಹೇಳಿದ್ದು ಸುಳ್ಳಾಗಿರಲಿಲ್ಲ.

"ಈಗಲಾದ್ರೂ ನಂಬಿಕೆ ಬಂತಾ ಭಾವ?" ಎಂದು ಗೀಚಮ್ಮ ಕೇಳಿದಳು.

"ಆ ಮೀಸೆಯೋನು ಮುಂದಿನ ಸಲ ಹೀಗೇ ಕೇಳ್ತಾನೆ ಅಂತ ಏನು ಗ್ಯಾರಂಟಿ?"

"ಏನೂ ಇಲ್ಲ. ಅದಕ್ಕೇ ಅವನನ್ನೂ ನೋಡ್ತಾ ಇರಬೇಕು."

ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದಳು. "ಇನ್ಮೇಲೆ ಚೂರುಡಬ್ಬಿ ವಾರಕ್ಕೊಂದು ಸಲ ನನ್ನ ಮುಂದೆ ಬೋರಲು ಹಾಕಬೇಕು. ಅನುಮಾನ ಅಲ್ಲ ರೀ, ಸಮಿತಿ!" ಬೀಗದಣ್ಣ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯ ಗೋಡೆಗೂ ನಾಳೆ ಒಂದು ಆದೇಶ ಬಂದು ಅಂಟಿಕೊಳ್ಳಬಹುದು. ಮೊಹರು ಇದ್ದ ಮಾತ್ರಕ್ಕೆ ಬಾಯಿ ಮುಚ್ಚಬೇಡಿ, ಮೊಹರು ಕಂಡ ಕೂಡಲೇ ಕಾಲು ಕೆರೆದು ಜಗಳಕ್ಕೂ ನಿಲ್ಲಬೇಡಿ. ಇದು ಯಾವ ಕಾನೂನಿನಡಿ ಬಂದದ್ದು, ಇದನ್ನು ಶಾಸನಸಭೆ ನೋಡಿದೆಯೇ ಎಂದು ವಿನಯದಿಂದ, ಬಿಡದೆ ಕೇಳಿ. ಉತ್ತರ ಸಿಗದಿದ್ದರೆ ನಿಮ್ಮ ಶಾಸಕರನ್ನು ಕೇಳಿ, ನೆರೆಯವರನ್ನು ಕೂಡಿಸಿಕೊಂಡು ಸದನಕ್ಕೆ ಮನವಿ ಕೊಡಿ. ಓಟು ಹಾಕಿ ಕಳಿಸಿದವರು ಅಲ್ಲಿ ಕೂತು ನಮ್ಮ ಪರವಾಗಿ ಕೇಳುತ್ತಿದ್ದಾರೋ ತೂಕಡಿಸುತ್ತಿದ್ದಾರೋ ಎಂದೂ ನೋಡಿ. ಅನುಮಾನವನ್ನು ನೆರೆಮನೆಯವರ ಬೆನ್ನ ಹಿಂದೆ ಖರ್ಚು ಮಾಡಬೇಡಿ. ಅದಕ್ಕೆ ಬೆಲೆ ಇರುವ ಜಾಗಕ್ಕೆ ತೆಗೆದುಕೊಂಡು ಹೋಗಿ. ಕೇಳಿದರೆ ಉತ್ತರ ಕೊಡುವ ಅಧಿಕಾರ ಮಾತ್ರ ನಮ್ಮ ಮನೆ ಕಾಯುತ್ತದೆ. ಮತ್ತೆ, ಕೇಳುವ ಮೊದಲು ನಮ್ಮ ಡಬ್ಬಿಯಲ್ಲಿ ಏನಿದೆ ಎಂದೂ ಒಮ್ಮೆ ನೋಡಿಕೊಳ್ಳೋಣ.

ಕಥೆಯಲ್ಲಿ ಇನ್ನೊಂದು ಉಳಿದಿದೆ.

ಮತ್ತೆ ಮಂಜು ಇಳಿದ ಒಂದು ಬೆಳಗ್ಗೆ ಅಧಿಕಾರಿ ತಾವೇ ತಗಡಿನ ಪೆಟ್ಟಿಗೆ ಹಿಡಿದು ಗಲ್ಲಿಗೆ ಬಂದರು. ಒಂದೊಂದು ಬಾಗಿಲಲ್ಲೂ ನಿಂತು ಅವರವರ ಕೀಲಿಕೈಯನ್ನು ಅವರವರ ಕೈಗೇ ಕೊಟ್ಟರು. ಗಡಿಯಾರದಜ್ಜ ತನ್ನದನ್ನು ಭೂತಗಾಜಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ನಂದೇ. ಪರವಾಗಿಲ್ಲ, ಚಹಾ ಕುಡಿದು ಹೋಗಿ" ಎಂದ. ಅಧಿಕಾರಿ ಕುಡಿದೂ ಹೋದರು.

ಅವರ ಹೆಜ್ಜೆಯ ಸದ್ದು ಮಂಜಿನಲ್ಲಿ ಕರಗುವವರೆಗೂ ಬೀಗದಣ್ಣ ತನ್ನ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಪಕ್ಕದ ಅಂಗಡಿಯ ಮುಂದೆ ಬಂದ. ಟೈಲರಕ್ಕನ ಶಟರ್‌ನ ಕೊಂಡಿಯಲ್ಲಿ ಹಳೆಯ ಬೀಗ ಮತ್ತೆ ತೂಗುತ್ತಿತ್ತು. ಅವನೇ ಎಣ್ಣೆ ಬಿಟ್ಟು ಕೊಟ್ಟದ್ದು. ಅವಳು ಹೊಸ್ತಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನು ಜೇಬಿನಿಂದ ಆ ಅರ್ಧ ಕೊರೆದ ಕೀಲಿಕೈಯನ್ನು ತೆಗೆದು ಅವಳ ಅಂಗೈ ಮೇಲಿಟ್ಟ.